ನಿಮ್ಮ ಎಂಎಲ್‌ಎ ಜಾತಕ ನೀವೇ ತೆಗೆಯೋದು ಹೇಗೆ

ಚುನಾವಣೆ ಬಂತು ಅಂದ್ರೆ ಸಿಂಧನೂರಿಂದ ಸಂಡೂರಿನವರೆಗೆ ಎಲ್ಲ ಸರ್ಕಲ್‌ನಲ್ಲೂ ಫ್ಲೆಕ್ಸ್. ಒಂದರಲ್ಲಿ ‘ಅಭಿವೃದ್ಧಿಯ ಹರಿಕಾರ’, ಪಕ್ಕದ್ದರಲ್ಲಿ ‘ಬಡವರ ಬಂಧು’. ಚಹಾದ ಅಂಗಡಿಯಲ್ಲಿ ಅದೇ ಮನುಷ್ಯನ ಬಗ್ಗೆ ಇನ್ನೊಂದೇ ಕತೆ. ಎರಡನ್ನೂ ಸ್ವಲ್ಪ ಬದಿಗಿಡಿ. ಶಾಸಕರ ರಾಜಕೀಯ ಬದುಕು ಜಾಸ್ತಿ ಪಾಲು ಕಾಗದದಲ್ಲೇ ಇದೆ, ಅದರಲ್ಲಿ ಎಷ್ಟೋ ಅವರೇ ಸಹಿ ಹಾಕಿ ಕೊಟ್ಟ ಕಾಗದ. ಮೊಬೈಲ್ ಇದ್ದರೆ ಮುಕ್ಕಾಲು ಕೆಲಸ ಮನೆಯಲ್ಲೇ ಆಗುತ್ತದೆ. ಒಂದು ಮಾತು ಮಾತ್ರ ನೆನಪಿಡಿ: ಯಾವ ಕಾಗದವನ್ನೂ ಒಂಟಿಯಾಗಿ ಓದಬೇಡಿ. ಹಿಂದಿನ ಚುನಾವಣೆಯದನ್ನು ಪಕ್ಕಕ್ಕಿಟ್ಟುಕೊಂಡೇ ಓದಿ.

ಮೊದಲು ಕ್ಷೇತ್ರ ಯಾವುದು ಅಂತ ಸರಿಯಾಗಿ ಗೊತ್ತಾಗಬೇಕು. 2008ರಲ್ಲಿ ಗಡಿಗಳು ಬದಲಾದವು. ಮಸ್ಕಿ ಅನ್ನೋ ಕ್ಷೇತ್ರ ಹುಟ್ಟಿದ್ದೇ ಆಗ. ಕುರುಗೋಡು ಕ್ಷೇತ್ರ ಹೋಗಿದ್ದೂ ಆಗಲೇ. ಹಾಗಾಗಿ ‘ನಮ್ಮ ಸಾಹೇಬ್ರು ಮೂವತ್ತು ವರ್ಷದಿಂದ ಇದೇ ಕ್ಷೇತ್ರದಲ್ಲಿದ್ದಾರೆ’ ಅಂತ ಯಾರಾದರೂ ಅಂದರೆ ಸುಮ್ನೆ ತಲೆ ಆಡಿಸಬೇಡಿ, ಪಟ್ಟಿ ನೋಡಿ. ಜಿಲ್ಲೆಯ ಹೆಸರಲ್ಲೂ ಗೊಂದಲ ಇದೆ. ಕೊಪ್ಪಳ 1997ರವರೆಗೆ ರಾಯಚೂರು ಜಿಲ್ಲೆಯಲ್ಲಿತ್ತು. ಕೂಡ್ಲಿಗಿ, ಹಡಗಲಿ 2021ರಲ್ಲಿ ವಿಜಯನಗರಕ್ಕೆ ಹೋದವು, ಹಳೆಯ ಫಲಿತಾಂಶ ಬಳ್ಳಾರಿ ಹೆಸರಲ್ಲೇ ಸಿಗುತ್ತದೆ.

ಈಗ ಒಂದು ಹಾಳೆ ತಗೊಳ್ಳಿ. ವರ್ಷ, ಕ್ಷೇತ್ರ, ಪಕ್ಷ, ಸೋತರೋ ಗೆದ್ದರೋ, ಎಷ್ಟು ಮತಗಳ ಅಂತರ, ಇಷ್ಟು ಬರೆಯಿರಿ. ಚುನಾವಣಾ ಆಯೋಗದ ವೆಬ್‌ಸೈಟಿನಲ್ಲಿ ಹಳೆಯ ಚುನಾವಣೆಗಳ ಅಂಕಿಅಂಶದ ವರದಿಗಳಿವೆ. ಬಿ. ನಾಗೇಂದ್ರ ಅವರದ್ದು ಬರೆದರೆ ಹೀಗೆ ಬರುತ್ತದೆ: 2008 ಕೂಡ್ಲಿಗಿ, ಬಿಜೆಪಿ. 2013 ಅದೇ ಕೂಡ್ಲಿಗಿ, ಪಕ್ಷೇತರ. 2018 ಬಳ್ಳಾರಿ ಗ್ರಾಮೀಣ, ಕಾಂಗ್ರೆಸ್. 2023 ಮತ್ತೆ ಅಲ್ಲೇ, ಅದೇ ಪಕ್ಷ. ನಾಲ್ಕೂ ಗೆಲುವು. ಬಿ. ಶ್ರೀರಾಮುಲು ಅವರದ್ದು ಇನ್ನೂ ಉದ್ದ: ಬಳ್ಳಾರಿ ಗ್ರಾಮೀಣದಿಂದ 2008ರಲ್ಲಿ ಬಿಜೆಪಿ, 2011ರಲ್ಲಿ ರಾಜೀನಾಮೆ ಕೊಟ್ಟು ಉಪಚುನಾವಣೆಯಲ್ಲಿ ಪಕ್ಷೇತರ, 2013ರಲ್ಲಿ ತಮ್ಮದೇ ಬಿಎಸ್‌ಆರ್ ಕಾಂಗ್ರೆಸ್, 2014ರಲ್ಲಿ ಬಿಜೆಪಿಯಿಂದ ಸಂಸತ್ತಿಗೆ, 2018ರಲ್ಲಿ ಮೊಳಕಾಲ್ಮೂರು, 2023ರಲ್ಲಿ ಮತ್ತೆ ಬಳ್ಳಾರಿ ಗ್ರಾಮೀಣಕ್ಕೆ ಬಂದು ನಾಗೇಂದ್ರ ಎದುರು ಸೋಲು. ಪಕ್ಷ ಬಿಟ್ಟರು ಅನ್ನೋದಕ್ಕೇ ನಾನು ಬೈಯಲ್ಲ. ಬಿಟ್ಟ ಮೇಲೆ ಮತದಾರರ ಮುಂದೆ ಬಂದು ನಿಂತರಾ, ನಿಂತಾಗ ಏನಾಯಿತು, ಅದನ್ನು ನೋಡುತ್ತೇನೆ.

ಇದಕ್ಕೆ ಮಸ್ಕಿಗಿಂತ ಒಳ್ಳೆ ಉದಾಹರಣೆ ನಮ್ಮ ಕಡೆ ಇಲ್ಲ. ಪ್ರತಾಪಗೌಡ ಪಾಟೀಲರು 2018ರಲ್ಲಿ ಕಾಂಗ್ರೆಸ್‌ನಿಂದ ಗೆದ್ದದ್ದು ಬರೀ 213 ಮತಗಳಿಂದ. ಎದುರಿಗಿದ್ದವರು ಬಿಜೆಪಿಯ ಬಸನಗೌಡ ತುರುವಿಹಾಳ. 2019ರಲ್ಲಿ ಪಾಟೀಲರು ಅನರ್ಹರಾಗಿ ಬಿಜೆಪಿಗೆ ಬಂದರು, ಆಮೇಲೆ ತುರುವಿಹಾಳರು ಕಾಂಗ್ರೆಸ್‌ಗೆ ಹೋದರು, ಚುನಾವಣಾ ತಕರಾರು ಕೋರ್ಟಿನಲ್ಲಿದ್ದ ಕಾರಣ ಉಪಚುನಾವಣೆ 2021ರ ಏಪ್ರಿಲ್‌ವರೆಗೆ ಎಳೆಯಿತು, ಕೊನೆಗೆ ಅದೇ ಇಬ್ಬರು ಪಕ್ಷ ಅದಲು ಬದಲು ಮಾಡಿಕೊಂಡು ನಿಂತಾಗ ತುರುವಿಹಾಳರು 30 ಸಾವಿರಕ್ಕೂ ಜಾಸ್ತಿ ಅಂತರದಲ್ಲಿ ಗೆದ್ದರು. 5ಎ ಅನ್ನೋ ನೀರಾವರಿ ಕಾಲುವೆಗಾಗಿ ಮಸ್ಕಿ ಕ್ಷೇತ್ರದ ಪಾಮನಕಲ್ಲೂರಿನಲ್ಲಿ ರೈತರು ಧರಣಿ ಕೂತಿದ್ದ ಕಾಲ ಅದು. ಆ ಭಾಗದ ಊರುಗಳು ಎರಡೂ ಸಲ ಹೇಗೆ ವೋಟು ಹಾಕಿದವು ಅಂತ ನೋಡಬೇಕಾದರೆ ನಮೂನೆ 20 ಬೇಕು. ಬೂತ್ ಬೂತಿಗೆ ಯಾರಿಗೆ ಎಷ್ಟು ಅಂತ ಅದರಲ್ಲಿ ಇರುತ್ತದೆ. ರಾಜ್ಯದ ಮುಖ್ಯ ಚುನಾವಣಾಧಿಕಾರಿಗಳ ವೆಬ್‌ಸೈಟಿನಲ್ಲಿ ಹುಡುಕಿ. ಬೂತ್ ನಂಬರ್ ನಂಬಬೇಡಿ, ಚುನಾವಣೆಯಿಂದ ಚುನಾವಣೆಗೆ ಅದು ಬದಲಾಗಬಹುದು. ಮತಗಟ್ಟೆ ಪಟ್ಟಿ ಇಟ್ಟುಕೊಂಡು ಊರು, ಶಾಲೆಯ ಹೆಸರಿಂದ ಹೊಂದಿಸಿ.

ಈಗ ನಿಜವಾದ ಕೆಲಸ. ನಾಮಪತ್ರದ ಜೊತೆ ಕೊಡುವ ಪ್ರಮಾಣಪತ್ರ, ಅಂದ್ರೆ ನಮೂನೆ 26. ಆಯೋಗದ ಅಫಿಡವಿಟ್ ಪೋರ್ಟಲ್‌ನಲ್ಲಿ ಸಿಗುತ್ತದೆ, ಹಳೆಯವು ಅಭ್ಯರ್ಥಿಗಳ ಅಫಿಡವಿಟ್ ಕೂಡಿಡುವ ಮೈನೇತಾ ಸೈಟಿನಲ್ಲಿ ಸಿಗುತ್ತವೆ. ಎಲ್ಲರೂ ಮಾಡೋದೇನು ಅಂದ್ರೆ ಕೊನೆಯ ಒಟ್ಟು ಮೊತ್ತ ನೋಡಿ ‘ಅಬ್ಬಾ, ಐದು ವರ್ಷಕ್ಕೆ ಮೂರು ಪಟ್ಟು’ ಅಂತ ವಾಟ್ಸಾಪ್‌ಗೆ ಹಾಕೋದು. ಹಾಗೆ ಮಾಡಬೇಡಿ. ಒಟ್ಟು ಮೊತ್ತದಲ್ಲಿ ಜಮೀನಿಗೆ ಇವತ್ತಿನ ಮಾರುಕಟ್ಟೆ ಬೆಲೆ ಹಾಕಿರುತ್ತಾರೆ. ಹೊಸಪೇಟೆ ರಸ್ತೆ ಬದಿ ಅಪ್ಪನ ಕಾಲದ ನಾಲ್ಕು ಎಕರೆ ಇದ್ದವರೂ ಏನೂ ಮಾಡದೆ ಶ್ರೀಮಂತರಾಗಿ ಕಾಣುತ್ತಾರೆ, ಅಲ್ವಾ? ನೀವು ನೋಡಬೇಕಾದದ್ದು ಸರ್ವೆ ನಂಬರುಗಳ ಸಾಲು. ಪಿತ್ರಾರ್ಜಿತವೋ ಸ್ವಂತ ಕೊಂಡದ್ದೋ, ಕೊಂಡ ತಾರೀಖು ಯಾವುದು, ಆಗ ಕೊಟ್ಟ ಬೆಲೆ ಎಷ್ಟು, ಎಲ್ಲಾ ಅಲ್ಲೇ ಬರೆದಿರಬೇಕು. 2018ರ ಪಟ್ಟಿಯಲ್ಲಿ ಇಲ್ಲದ ಸರ್ವೆ ನಂಬರು 2023ರಲ್ಲಿ ಇದ್ದರೆ ಗುರುತು ಮಾಡಿ. ಇದ್ದದ್ದು ಮಾಯವಾಗಿದ್ದರೂ ಗುರುತು ಮಾಡಿ. ಆಮೇಲೆ ಸರ್ಕಾರದ ಜಮೀನು ದಾಖಲೆಗಳ ‘ಭೂಮಿ’ ಸೈಟಿನಲ್ಲಿ ಆ ನಂಬರಿನ ಪಹಣಿ ತೆಗೆದು ಯಾರ ಹೆಸರಲ್ಲಿದೆ ನೋಡಿ. ಹೆಂಡತಿ ಅಥವಾ ಗಂಡ, ಅವಲಂಬಿತ ಮಕ್ಕಳ ಆಸ್ತಿಯೂ ಕೊಡಬೇಕು. ಬೇರೆ ಮನೆ ಮಾಡಿದ ಮಗ, ತಮ್ಮ, ಭಾವಮೈದ ಇದರಲ್ಲಿ ಬರೋದಿಲ್ಲ. ಅಷ್ಟರಮಟ್ಟಿಗೆ ಈ ಕಾಗದಕ್ಕೆ ಕಣ್ಣು ಮಂದ.

ಹೊಸ ನಮೂನೆಯಲ್ಲಿ ಕೊನೆಯ 5 ವರ್ಷದ ತೆರಿಗೆ ಲೆಕ್ಕದಲ್ಲಿ ತೋರಿಸಿದ ಆದಾಯವೂ ಇರುತ್ತದೆ. ಅದನ್ನು ಕೂಡಿಸಿ. ಅದೇ ಐದು ವರ್ಷದಲ್ಲಿ ಕೊಂಡ ಆಸ್ತಿಗಳ ಖರೀದಿ ಬೆಲೆ ಕೂಡಿಸಿ, ಪಕ್ಕದಲ್ಲಿ ಸಾಲದ ಕಾಲಂ ನೋಡಿ. ಇವು ಮೂರೂ ಒಂದಕ್ಕೊಂದು ಹೊಂದದಿದ್ದರೆ ನಿಮಗೊಂದು ಪ್ರಶ್ನೆ ಸಿಕ್ಕಿತು. ಪ್ರಶ್ನೆ ಅಷ್ಟೇ. ಕಳ್ಳ ಅಂತ ಬರೆಯೋ ಹಕ್ಕು ಸಿಗಲಿಲ್ಲ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲ ಅನ್ನೋದೂ ನೆನಪಿರಲಿ.

ಕ್ರಿಮಿನಲ್ ಪ್ರಕರಣದ ಭಾಗದಲ್ಲಿ ಸಂಖ್ಯೆ ನೋಡಬೇಡಿ, ಸೆಕ್ಷನ್ ನೋಡಿ. ರಸ್ತೆ ತಡೆ ಮಾಡಿದ ರೈತ ಹೋರಾಟಗಾರನ ಮೇಲೆ ಹತ್ತು ಕೇಸ್ ಇರಬಹುದು. ಅರಣ್ಯ ಕಾಯ್ದೆ, ಗಣಿ ಕಾಯ್ದೆ, ಮೋಸ, ಹಲ್ಲೆ ಅಂತ ಒಂದೇ ಕೇಸ್ ಇದ್ದರೂ ಅದರ ತೂಕ ಬೇರೆ. ಎಫ್‌ಐಆರ್ ನಂಬರು, ಕೋರ್ಟ್ ಹೆಸರು ಅಲ್ಲೇ ಇರುತ್ತದೆ, ಕೋರ್ಟ್ ಕೇಸುಗಳ ಇ-ಕೋರ್ಟ್ಸ್ ಸೈಟಿನಲ್ಲಿ ಹಾಕಿ ಈಗ ಎಲ್ಲಿಗೆ ಬಂದಿದೆ ನೋಡಿ. ನೋಡಿದ ತಾರೀಖನ್ನು ಪಕ್ಕದಲ್ಲಿ ಬರೆಯೋದು ಮರೆಯಬೇಡಿ, ಯಾಕಂದ್ರೆ ಸ್ಥಿತಿ ಬೇಗ ಬದಲಾಗುತ್ತದೆ. ಗಂಗಾವತಿಯಲ್ಲಿ 2023ರಲ್ಲಿ ತಮ್ಮದೇ ಪಕ್ಷದಿಂದ ಗೆದ್ದು ಮುಂದಿನ ವರ್ಷ ಬಿಜೆಪಿ ಸೇರಿದ ಜಿ. ಜನಾರ್ದನ ರೆಡ್ಡಿ ಅವರಿಗೆ 2025ರ ಮೇ ತಿಂಗಳಲ್ಲಿ ಹೈದರಾಬಾದಿನ ಸಿಬಿಐ ಕೋರ್ಟ್ ಓಬಳಾಪುರಂ ಅಕ್ರಮ ಗಣಿಗಾರಿಕೆ ಪ್ರಕರಣದಲ್ಲಿ 7 ವರ್ಷ ಶಿಕ್ಷೆ ಕೊಟ್ಟಿತು, ಶಾಸಕ ಸ್ಥಾನ ಹೋಯಿತು. ಜೂನ್‌ನಲ್ಲಿ ತೆಲಂಗಾಣ ಹೈಕೋರ್ಟ್ ತಡೆ ಕೊಟ್ಟಿತು, ಸ್ಥಾನ ವಾಪಸ್ ಬಂತು. ಮೇ ತಿಂಗಳ ಸ್ಕ್ರೀನ್‌ಶಾಟ್ ಹಿಡಿದುಕೊಂಡು ಜುಲೈನಲ್ಲಿ ವಾದ ಮಾಡಿದರೆ ನಗೆಪಾಟಲು.

ಚುನಾವಣಾ ಖರ್ಚಿನ ಲೆಕ್ಕ ಬೇಕಾದರೆ ಜಿಲ್ಲಾ ಚುನಾವಣಾಧಿಕಾರಿ ಕಚೇರಿಯಲ್ಲಿ ಕೇಳಬಹುದು. ನಿಯಮದ ಪ್ರಕಾರ 1 ರೂಪಾಯಿ ಕಟ್ಟಿ ಯಾರು ಬೇಕಾದರೂ ನೋಡಬಹುದು. 2023ರಲ್ಲಿ ಒಬ್ಬ ಅಭ್ಯರ್ಥಿಗೆ ಮಿತಿ 40 ಲಕ್ಷ. ಓದಿ ನಗು ಬರುತ್ತದೆ, ಮುಂದೆ ಹೋಗಿ.

ವಿಧಾನಸಭೆಯಲ್ಲಿ ಏನು ಕೇಳಿದರು ಅನ್ನೋದು ಸಭೆಯ ವೆಬ್‌ಸೈಟಿನಲ್ಲಿದೆ. ಚುಕ್ಕೆ ಗುರುತಿನ ಪ್ರಶ್ನೆಗೆ ಸಚಿವರು ಸದನದಲ್ಲಿ ಉತ್ತರ ಕೊಡುತ್ತಾರೆ, ಚುಕ್ಕೆ ರಹಿತಕ್ಕೆ ಬರಹದಲ್ಲಿ. ಸ್ಕ್ಯಾನ್ ಮಾಡಿದ ಪಿಡಿಎಫ್ ಆದರೆ ಹುಡುಕಾಟ ನಡೆಯಲ್ಲ, ಒಂದೊಂದೇ ತೆಗೆಯಬೇಕು, ತಾಳ್ಮೆ ಬೇಕು. ಲೆಕ್ಕ ಹಾಕೋದಕ್ಕಿಂತ ಏನು ಕೇಳಿದರು ನೋಡಿ. ಮಾನ್ವಿ, ಸಿರವಾರ ಕಡೆ ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗಕ್ಕೆ ನೀರು ಬರೋದೇ ಕಷ್ಟ. ನವಲಿ ಸಮಾನಾಂತರ ಜಲಾಶಯ ಇನ್ನೂ ಕಾಗದದಲ್ಲೇ ಇದೆ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಡ್ಯಾಂನ 19ನೇ ಗೇಟ್ ಕೊಚ್ಚಿಕೊಂಡು ಹೋಯಿತು. ಈ ವಿಷಯಗಳಲ್ಲಿ ನಿಮ್ಮ ಶಾಸಕರ ಬಾಯಿಂದ ಒಂದಾದರೂ ಪ್ರಶ್ನೆ ಬಂದಿದೆಯಾ? ಸಚಿವರಾಗಿದ್ದರೆ ಪ್ರಶ್ನೆ ಕೇಳೋದಿಲ್ಲ, ಉತ್ತರ ಕೊಡುವವರೇ ಅವರು. ಆ ವರ್ಷಗಳನ್ನು ಲೆಕ್ಕದಿಂದ ಬಿಟ್ಟುಬಿಡಿ.

ಕೊನೆಗೆ ದುಡ್ಡು. ಶಾಸಕರ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ 2 ಕೋಟಿ. ಕೆಲಸ ಸೂಚಿಸೋದು ಶಾಸಕರು, ಮಂಜೂರು ಮಾಡೋದು ಡಿಸಿ. ಆದರೆ ನಮ್ಮ ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ದುಡ್ಡು ಬೇರೆ ಬರುತ್ತದೆ. ಸಂಡೂರು, ಬಳ್ಳಾರಿ ಕಡೆ ಗಣಿ ಮಾಲೀಕರು ಕಟ್ಟುವ ಜಿಲ್ಲಾ ಖನಿಜ ನಿಧಿಯೂ ಇದೆ. ಭೂಮಿಪೂಜೆ ಫ್ಲೆಕ್ಸ್‌ನಲ್ಲಿ ಫೋಟೋ ಒಂದೇ ಇರುತ್ತದೆ, ದುಡ್ಡು ಯಾವ ಚೀಲದ್ದು ಅಂತ ಇರಲ್ಲ. ಅದಕ್ಕೆ ಡಿಸಿ ಕಚೇರಿಯ ಮಾಹಿತಿ ಅಧಿಕಾರಿಗೆ ಆರ್‌ಟಿಐ ಹಾಕಿ. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ, ಶುಲ್ಕ 10 ರೂಪಾಯಿ. ಕತೆ ಬರೆಯಬೇಡಿ, ಇಷ್ಟು ಸಾಕು:

‘2023-24 ಮತ್ತು 2024-25ನೇ ಸಾಲಿನಲ್ಲಿ ... ವಿಧಾನಸಭಾ ಕ್ಷೇತ್ರದಲ್ಲಿ ಶಾಸಕರ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿಯಡಿ ಮಂಜೂರಾದ ಕಾಮಗಾರಿಗಳ ಪಟ್ಟಿ, ಪ್ರತಿ ಕಾಮಗಾರಿಯ ಸ್ಥಳ, ಅಂದಾಜು ಮೊತ್ತ, ಬಿಡುಗಡೆಯಾದ ಹಣ, ಅನುಷ್ಠಾನ ಮಾಡಿದ ಸಂಸ್ಥೆ ಹಾಗೂ ಈಗಿನ ಹಂತದ ದೃಢೀಕೃತ ಪ್ರತಿ ನೀಡಿ.’

ಮಂಡಳಿಗೆ, ಖನಿಜ ನಿಧಿಗೆ ಬೇರೆ ಬೇರೆ ಅರ್ಜಿ. ‘ಯಾಕೆ ಮಾಡಿಲ್ಲ’ ಅಂತ ಕೇಳಬೇಡಿ, ಕಾಗದ ಮಾತ್ರ ಕೇಳಿ. 30 ದಿನದಲ್ಲಿ ಉತ್ತರ ಬರದಿದ್ದರೆ ಅದೇ ಕಚೇರಿಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ, ಅಲ್ಲೂ ಆಗದಿದ್ದರೆ 90 ದಿನದೊಳಗೆ ಮಾಹಿತಿ ಆಯೋಗಕ್ಕೆ. ಪಟ್ಟಿ ಕೈಗೆ ಬಂದ ಮೇಲೆ ನಿಮ್ಮ ಓಣಿಯ ಸಿಸಿ ರಸ್ತೆ, ಸಮುದಾಯ ಭವನ ಅದರಲ್ಲಿದೆಯಾ ಹುಡುಕಿ. ಇದ್ದರೆ ಹೋಗಿ ನೋಡಿ ಬನ್ನಿ, ಫೋಟೋ ತೆಗೆಯುವಾಗ ಕಾಮಗಾರಿ ಬೋರ್ಡೂ ಫ್ರೇಮಿನಲ್ಲಿರಲಿ.