ಕ್ಯಾಂಪರ್ ವ್ಯಾನಿಗೆ ಸೈಕಲ್ ಕಟ್ಟುವ ಮುನ್ನ ತೂಕ ನೋಡಿ

ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ಬೈಕು, ಆಟೊಗಳಂತೆ ಸೈಕಲ್ಲಿಗೂ ಪ್ರವೇಶವಿಲ್ಲ. ಶ್ರೀರಂಗಪಟ್ಟಣದ ಸುತ್ತ ನಾಲೆ ಏರಿಯ ಮೇಲೆ ಪೆಡಲ್ ತುಳಿಯುವ ಆಸೆಯಿದ್ದರೆ ಅಲ್ಲಿಯವರೆಗೆ ಸೈಕಲ್ಲನ್ನು ಗಾಡಿಯಲ್ಲಿ ಒಯ್ಯುವುದೇ ಆರಾಮ. ಕ್ಯಾಂಪರ್ ವ್ಯಾನ್ ಇದ್ದರೆ ಇನ್ನೂ ಒಳ್ಳೆಯದು, ರಾತ್ರಿ ಉಳಿಯುವ ಚಿಂತೆಯೂ ಇಲ್ಲ.

‘ಯಾವ ರ‍್ಯಾಕ್ ತಗೊಳ್ಳೋದು?’ ಅಂತ ಎಲ್ಲರೂ ಮೊದಲು ಕೇಳುತ್ತಾರೆ. ಅದಕ್ಕೂ ಮುಂಚೆ ತಿಳಿಯಬೇಕಾದ್ದು, ಗಾಡಿಯ ಹಿಂಬದಿ ಇನ್ನೆಷ್ಟು ತೂಕ ತಾಳುತ್ತದೆ ಎಂಬುದು.

ಸಾಮಾನ್ಯ ಗೇರ್ ಸೈಕಲ್ 13ರಿಂದ 15 ಕೆ.ಜಿ. ಇರುತ್ತದೆ, ಎಲೆಕ್ಟ್ರಿಕ್ ಆದರೆ 20–25. ನಾಲ್ಕು ಸೈಕಲ್, ರ‍್ಯಾಕ್ ಎಲ್ಲ ಸೇರಿ 80 ಕೆ.ಜಿ. ಅಂದುಕೊಳ್ಳಿ. ಎರಡು ಆಕ್ಸಲ್‌ಗಳ (ಎಡ-ಬಲ ಚಕ್ರಗಳನ್ನು ಜೋಡಿಸುವ ಅಡ್ಡ ದಂಡಗಳ) ನಡುವೆ 4 ಮೀಟರ್ ಇದ್ದು, ರ‍್ಯಾಕ್ ಹಿಂದಿನ ಆಕ್ಸಲ್‌ನಿಂದ 2 ಮೀಟರ್ ಆಚೆ ತೂಗುತ್ತಿದ್ದರೆ ಹಿಂದಿನ ಆಕ್ಸಲ್ ಮೇಲೆ ಬೀಳುವುದು 80 ಅಲ್ಲ, 120 ಕೆ.ಜಿ. ಮಿಕ್ಕ 40 ಕೆ.ಜಿ. ಎಲ್ಲಿಂದ ಬಂತು? ಮುಂದಿನ ಚಕ್ರಗಳಿಂದ. ಏತದ ಹಾಗೆ, ಒಂದು ತುದಿ ಒತ್ತಿದರೆ ಇನ್ನೊಂದು ತುದಿ ಮೇಲೇಳುತ್ತದೆ. ಸ್ಟೇರಿಂಗ್ ಹಗುರಾಗುವುದು, ಒದ್ದೆ ರಸ್ತೆಯಲ್ಲಿ ಮುಂದಿನ ಟೈರಿನ ಹಿಡಿತ ಕಮ್ಮಿಯಾಗುವುದು ಇದರಿಂದಲೇ.

ಹಾಗಾಗಿ ನೀರು, ಗ್ಯಾಸ್, ಸಾಮಾನು, ಮನೆಮಂದಿ ಎಲ್ಲ ತುಂಬಿಕೊಂಡು ಒಮ್ಮೆ ಲಾರಿಗಳನ್ನು ತೂಗುವ ವೇಬ್ರಿಜ್‌ಗೆ ಹೋಗಿ. ಪೂರ್ತಿ ಗಾಡಿಯನ್ನು ತೂಗಿಸಿ. ಆಮೇಲೆ ಮುಂದಿನ ಚಕ್ರ ಮಾತ್ರ ಹತ್ತಿಸಿ ತೂಗಿಸಿ. ಮೊದಲನೆಯದರಲ್ಲಿ ಎರಡನೆಯದನ್ನು ಕಳೆದರೆ ಹಿಂದಿನ ಆಕ್ಸಲ್‌ನ ತೂಕ ಸಿಗುತ್ತದೆ. ಒಟ್ಟು ತೂಕವನ್ನು ಆರ್‌ಸಿಯಲ್ಲಿರುವ ಮಿತಿಯ ಜೊತೆ, ಆಕ್ಸಲ್ ತೂಕವನ್ನು ಕಂಪನಿ ಕೊಟ್ಟ ಮಿತಿಯ ಜೊತೆ ಹೋಲಿಸಿ. ಇನ್ನಷ್ಟು ತೂಕಕ್ಕೆ ಅವಕಾಶ ಉಳಿದಿಲ್ಲವಾದರೆ ರ‍್ಯಾಕ್ ಆಸೆ ಬಿಡಿ, ಇಲ್ಲವೇ ಸಾಮಾನು ಇಳಿಸಿ.

ಒಳಗೋ, ಹಿಂದೋ, ಮೇಲೋ?

ಎರಡೇ ಸೈಕಲ್ ಆದರೆ ಒಳಗಿಡುವುದೇ ನನ್ನ ಪ್ರಕಾರ ಸರಿ. ಮಳೆ, ಧೂಳು, ಕಳ್ಳರು ಮೂರರ ಕಾಟವೂ ಇಲ್ಲ. ಮುಂದಿನ ಚಕ್ರ ಬಿಚ್ಚಿ. ಡಿಸ್ಕ್ ಬ್ರೇಕ್ ಇದ್ದರೆ ಪ್ಯಾಡ್‌ಗಳ ನಡುವೆ ಪ್ಲಾಸ್ಟಿಕ್ ತುಂಡು ತೂರಿಸಿ. ಇಲ್ಲದಿದ್ದರೆ ಲಿವರ್ ಯಾರಾದರೂ ಒತ್ತಿದಾಗ ಪ್ಯಾಡ್ ಕಚ್ಚಿಕೊಂಡು ಬಿಡುತ್ತದೆ. ಒಳಗಿದೆ ಅಂತ ಸುಮ್ನೆ ಒರಗಿಸಿಡಬೇಡಿ. ಗಟ್ಟಿ ಬ್ರೇಕ್ ಹಾಕಿದರೆ ನೇರ ಸೀಟಿನ ಮೇಲೆ ಬರುತ್ತದೆ. ನೆಲದ ಕೊಂಡಿಗೆ ಬೆಲ್ಟ್‌ನಿಂದ ಬಿಗಿಯಿರಿ.

ಛಾವಣಿ ಬೆಂಗಳೂರಿಗೆ ಬೇಡ. ನಿಂತು ಓಡಾಡುವಷ್ಟು ಎತ್ತರದ ವ್ಯಾನ್ ಹೇಗೂ ಎರಡೂವರೆ ಮೀಟರ್ ದಾಟಿರುತ್ತದೆ. ಮೇಲೆ ಸೈಕಲ್ ನಿಲ್ಲಿಸಿದರೆ ಇನ್ನೊಂದು ಮೀಟರ್ ಜಾಸ್ತಿ. ರೈಲ್ವೆ ಅಂಡರ್‌ಪಾಸ್‌ಗಳ ಮುಂದಿನ ಕಬ್ಬಿಣದ ಕಮಾನು, ಮಲ್ಲೇಶ್ವರ, ಬಸವನಗುಡಿಯ ಬಾಗಿದ ಕೊಂಬೆಗಳು ಎರಡೂ ಕಾದು ಕುಳಿತಿರುತ್ತವೆ.

ಇನ್ನು ಹಿಂದಿನ ರ‍್ಯಾಕ್. ಚಾಸಿಸ್‌ಗೆ, ಅಂದರೆ ಗಾಡಿಯ ಅಡಿಯ ಚೌಕಟ್ಟಿಗೆ, ಬೋಲ್ಟ್ ಮಾಡಿದ್ದು ಎಲ್ಲಕ್ಕಿಂತ ಗಟ್ಟಿ. ಫೈಬರ್ ಗೋಡೆಗೆ ಕೂರಿಸುವುದಾದರೆ ಒಳಗಡೆ ಅಗಲವಾದ ಲೋಹದ ಪಟ್ಟಿ ಕೊಟ್ಟು ಬೋಲ್ಟ್ ಬಿಗಿಸಬೇಕು, ರಂಧ್ರಕ್ಕೆ ಸೀಲೆಂಟ್ ತುಂಬಬೇಕು. ಹಿಂದಿನ ಏಣಿಗೆ ಮಾತ್ರ ಸೈಕಲ್ ಕಟ್ಟಲೇಬೇಡಿ, ಅದು ಹತ್ತಲು ಮಾಡಿದ್ದು. ಜೆ.ಸಿ. ರಸ್ತೆಯಲ್ಲಿ ಕೇಳಿದ ಹಾಗೆ ಮಾಡಿಕೊಡುವವರು ಸಿಗುತ್ತಾರೆ. ಆದರೆ ಎಷ್ಟು ಕೆ.ಜಿ. ತಾಳುತ್ತದೆ ಎಂದು ಬರೆದುಕೊಡದ ರ‍್ಯಾಕ್ ನನಗೆ ಬೇಡ. ಬಾಡಿ ಬದಲಾಯಿಸುವ ಕೆಲಸವಿದ್ದರೆ ಮೊದಲು ಆರ್‌ಟಿಒನಲ್ಲಿ ವಿಚಾರಿಸಿ.

ನಂಬರ್ ಪ್ಲೇಟ್, ಬ್ರೇಕ್ ಲೈಟ್, ಇಂಡಿಕೇಟರ್ ಮರೆಯಾಗಬಾರದು. ಎಚ್‌ಎಸ್‌ಆರ್‌ಪಿ (ಹೈ ಸೆಕ್ಯುರಿಟಿ ನಂಬರ್) ಪ್ಲೇಟನ್ನು ಬಿಚ್ಚಿ ರ‍್ಯಾಕ್‌ಗೆ ಹಾಕಲು ಬರುವುದಿಲ್ಲ, ಅದರ ಲಾಕ್ ಒಡೆಯಬೇಕಾಗುತ್ತದೆ. ರ‍್ಯಾಕ್‌ನ ಎತ್ತರ ಗುರುತು ಹಾಕುವಾಗಲೇ ಇದನ್ನು ನೋಡಿಕೊಳ್ಳಿ. ಅಗಲವನ್ನೂ ಅಳೆಯಿರಿ. ಸೈಕಲ್ಲಿನ ಉದ್ದ 1.7–1.8 ಮೀಟರ್. ವ್ಯಾನಿನ ಅಂಚು ದಾಟಬಾರದು. ಮಿತಿ ಮೀರಿ ಚಾಚಿದ ಸಾಮಾನಿಗೆ ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ನಂತರ ₹20,000 ದಂಡವಿದೆ.

ಏರಿಸುವ ಕ್ರಮ

ಬಾಟಲಿ, ಪಂಪ್, ಲೈಟ್, ಮಗುವಿನ ಸೀಟು, ಬ್ಯಾಟರಿ ತೆಗೆದು ಒಳಗಿಡಿ. ಬ್ಯಾಟರಿ ತೆಗೆದರೆ ಎರಡು–ಮೂರು ಕೆ.ಜಿ. ಇಳಿಯಿತು. ಅತಿ ಭಾರದ ಸೈಕಲ್ ಗಾಡಿಗೆ ಅಂಟಿದಂತಿರಲಿ, ಹಗುರವಾದದ್ದು ಕೊನೆಗೆ. ಒಂದರ ಹ್ಯಾಂಡಲ್ ಎಡಕ್ಕೆ, ಮುಂದಿನದರದು ಬಲಕ್ಕೆ. ಪೆಡಲ್ ತಾಗುವ ಕಡೆ ಹಳೇ ಟ್ಯೂಬ್ ಕತ್ತರಿಸಿ ಸುತ್ತಿ. ಕಾರ್ಬನ್ ಫ್ರೇಮ್ ಆದರೆ ಕ್ಲಾಂಪ್ ಬಿಗಿಯಬೇಡಿ, ಚಕ್ರ ಹಿಡಿಯುವ ರ‍್ಯಾಕ್ ಬೇಕು. ಮಧ್ಯದ ಅಡ್ಡ ಪೈಪ್ ಇಲ್ಲದ ಸೈಕಲ್ಲಿಗೆ ಅಡ್ಡಪಟ್ಟಿ ಸಿಗುತ್ತದೆ, ಅದನ್ನು ಹಾಕಿಕೊಳ್ಳಿ. ಬೆಲ್ಟ್‌ನ ಉಳಿದ ತುದಿ ಗಂಟು ಹಾಕಿ. ಟೈರುಗಳು ಸೈಲೆನ್ಸರ್ ಹೊಗೆಗೆ ಎದುರಾಗದಿರಲಿ, ಬಿಸಿಗೆ ರಬ್ಬರ್ ಹಾಳಾಗುತ್ತದೆ. ಕೊನೆಗೆ ಒಬ್ಬರು ಸೈಕಲ್ ಹಿಡಿದು ಜಗ್ಗಿ ನೋಡಿ. ಸೈಕಲ್ ಮಾತ್ರ ಅಲುಗಾಡಿದರೆ ಬೆಲ್ಟ್ ಸಡಿಲ. ಗಾಡಿಯೇ ಅಲುಗಾಡಿದರೆ ಸರಿಯಾಗಿದೆ.

ಊರು ದಾಟುವಷ್ಟರಲ್ಲಿ ಹಂಪು, ಗುಂಡಿಗಳು ಬೆಲ್ಟನ್ನು ಸಡಿಲಿಸಿರುತ್ತವೆ. ತುಮಕೂರು ರಸ್ತೆಯಾದರೆ ನೆಲಮಂಗಲದಲ್ಲಿ, ಬಳ್ಳಾರಿ ರಸ್ತೆಯಾದರೆ ದೇವನಹಳ್ಳಿಯಲ್ಲಿ ನಿಲ್ಲಿಸಿ ಮತ್ತೆ ಬಿಗಿಯಿರಿ. ಹಂಪಿನ ಮೇಲೆ ಹಿಂದಿನ ಚಕ್ರ ಇಳಿಯುವಾಗ ರ‍್ಯಾಕ್‌ಗೆ ಬೀಳುವ ಹೊಡೆತವೇ ದೊಡ್ಡದು, ನಡಿಗೆಯ ವೇಗದಲ್ಲಿ ದಾಟಿ. ರಿವರ್ಸ್ ಕ್ಯಾಮೆರಾಗೆ ಸೈಕಲ್ ಅಡ್ಡ ಬಂದಿರುತ್ತದೆ ಅಲ್ವಾ, ಹಿಂದೆ ತೆಗೆಯುವಾಗ ಒಬ್ಬರು ಇಳಿದು ದಾರಿ ತೋರಿಸಲಿ.

ರಾತ್ರಿ ಹೊರಗೆ ಬಿಡುವುದಾದರೆ ರ‍್ಯಾಕ್‌ನ ಲಾಕ್ ನಂಬಬೇಡಿ, ಫ್ರೇಮ್‌ಗಳ ಮೂಲಕ ಸರಪಳಿ ಹಾಯಿಸಿ ಬೀಗ ಹಾಕಿ. ಮನೆಗೆ ಬಂದ ಮೇಲೆ ಗೋಡೆಯ ಒಳಭಾಗದಲ್ಲಿ ಬೋಲ್ಟ್‌ಗಳ ಸುತ್ತ ಬೆರಳಾಡಿಸಿ. ತೇವ ಸಿಕ್ಕರೆ ಸೀಲೆಂಟ್ ಬಿಟ್ಟಿದೆ, ಕೆರೆದು ಹೊಸದು ತುಂಬಿಸಿ.