ಪಿತ್ತಕೋಶದ ಕಲ್ಲು: ಸಂಶೋಧನೆ ಓದುವ ಮೊದಲು ನಿಮ್ಮ ರಿಪೋರ್ಟ್ ಓದಿ

ನಾನು ಶಿವಮೊಗ್ಗದ ಕಾಲೇಜೊಂದರಲ್ಲಿ ಮೂವತ್ತು ವರ್ಷ ಲೈಬ್ರೇರಿಯನ್ ಆಗಿದ್ದವಳು, ಡಾಕ್ಟರ್ ಅಲ್ಲ. ಎರಡು ವರ್ಷದ ಹಿಂದೆ ಬೇರೆ ಯಾವುದಕ್ಕೋ ಹೊಟ್ಟೆ ಸ್ಕ್ಯಾನಿಂಗ್ ಮಾಡಿಸಿದಾಗ ಪಿತ್ತಕೋಶದಲ್ಲಿ 9 ಮಿ.ಮೀ. ಕಲ್ಲು ಕಂಡಿತು. ನೋವೂ ಇಲ್ಲ, ಏನೂ ಇಲ್ಲ. ಅದೇ ವರ್ಷ ನನ್ನ ತಂಗಿಗೂ ಕಲ್ಲು ಬಂತು, ಅವಳ ಕಥೆಯೇ ಬೇರೆ. ಇಬ್ಬರ ಫೈಲನ್ನೂ ಪಕ್ಕದಲ್ಲಿಟ್ಟುಕೊಂಡು ಸಂಶೋಧನೆ ಓದುವುದನ್ನು ಕಲಿತೆ.

ಮೊದಲು ರಿಪೋರ್ಟ್ ತೆಗೆಯಿರಿ. ಕಲ್ಲು ಎಷ್ಟು ದೊಡ್ಡದು ಎನ್ನುವುದಕ್ಕಿಂತ ಮುಂಚೆ ಎಲ್ಲಿದೆ ಅಂತ ನೋಡಿ. ಪಿತ್ತಕೋಶದೊಳಗೋ, ಪಿತ್ತನಾಳದಲ್ಲೋ? ‘ಸಿಬಿಡಿ’ ಅಂತ ಬರೆದಿರುವುದೇ ಪಿತ್ತನಾಳ. ಅದರ ಅಗಲ ಸಾಮಾನ್ಯವಾಗಿ 6 ಮಿ.ಮೀ. ಒಳಗಿರುತ್ತದೆ, ವಯಸ್ಸಾದವರಲ್ಲಿ ಸ್ವಲ್ಪ ಜಾಸ್ತಿ. ಈಗ ಒಂದು ಹಾಳೆಯ ಮೇಲೆ ನಿಮ್ಮ ಸಾಲು ಬರೆಯಿರಿ: ‘ಕಲ್ಲಿದೆ, ನೋವಿಲ್ಲ’, ‘ಕಲ್ಲಿದೆ, ಆಗಾಗ ನೋವು ಬರುತ್ತದೆ’, ಇಲ್ಲವೇ ‘ಕಲ್ಲು ನಾಳಕ್ಕೆ ಜಾರಿದೆ’. ಒಂದು ಸಾಲಿನವರ ಮೇಲೆ ನಡೆದ ಅಧ್ಯಯನ ಇನ್ನೊಂದು ಸಾಲಿನವರಿಗೆ ಉತ್ತರ ಕೊಡುವುದಿಲ್ಲ. ಇದು ಗೊತ್ತಿಲ್ಲದೆ ನಾನು ಒಂದು ವಾರ ಸುಮ್ನೆ ನಿದ್ದೆಗೆಟ್ಟೆ.

ಚಳಿಜ್ವರ, ಹಳದಿ ಕಣ್ಣು, ಬಿಡದ ಹೊಟ್ಟೆನೋವು ಇದ್ದರೆ ಮಾತ್ರ ಓದುತ್ತಾ ಕೂರಬೇಡಿ, ತಕ್ಷಣ ಆಸ್ಪತ್ರೆಗೆ ಹೊರಡಿ. ನಾಳ ಕಟ್ಟಿ ಸೋಂಕಾದರೆ ಜೀವಕ್ಕೇ ಅಪಾಯ.

ಇನ್ನು ಪಬ್‌ಮೆಡ್. ವೈದ್ಯಕೀಯ ಸಂಶೋಧನಾ ಪ್ರಬಂಧಗಳನ್ನು ಹುಡುಕುವ ವೆಬ್‌ಸೈಟ್ ಇದು, ಅವುಗಳ ಸಾರಾಂಶ ಅಲ್ಲಿ ಪುಕ್ಕಟೆ ಸಿಗುತ್ತದೆ. ನೋವಿಲ್ಲದ ಕಲ್ಲಿಗೆ ಇಂಗ್ಲಿಷಿನಲ್ಲಿ ‘ಸೈಲೆಂಟ್ ಗಾಲ್‌ಸ್ಟೋನ್ಸ್’ ಅನ್ನುತ್ತಾರೆ. ಆ ಹೆಸರಲ್ಲಿ ಹುಡುಕಿದಾಗ 1982ರ ಒಂದು ಅಧ್ಯಯನ ಸಿಕ್ಕಿತು. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ 123 ಬೋಧಕರನ್ನು ವರ್ಷಗಟ್ಟಲೆ ಗಮನಿಸಿದ್ದರು. 5 ವರ್ಷದೊಳಗೆ ನೋವು ಕಾಣಿಸಿಕೊಳ್ಳುವ ಸಾಧ್ಯತೆ ಶೇ. 10, 10 ವರ್ಷಕ್ಕೆ ಶೇ. 15, 15 ವರ್ಷಕ್ಕೆ ಶೇ. 18. ಓದಿ ಉಸಿರು ಬಿಟ್ಟೆ. ಆಮೇಲೆ ನೋಡಿದರೆ ಅವರಲ್ಲಿ 110 ಜನ ಗಂಡಸರು! ಕಲ್ಲು ಜಾಸ್ತಿ ಬರುವುದು ಹೆಂಗಸರಿಗೆ, ಅಲ್ವಾ? ಅಂಕಿ ನಂಬುವ ಮೊದಲು ಯಾರನ್ನು ಎಣಿಸಿದ್ದಾರೆ ಅಂತ ನೋಡಿ. ಪಿತ್ತಕೋಶದ ಕ್ಯಾನ್ಸರ್ ಲೇಖನಗಳೂ ಹಾಗೇ. ಆ ಕಾಯಿಲೆ ಗಂಗಾ ಬಯಲಿನಲ್ಲಿ ಹೆಚ್ಚು, ನಮ್ಮ ದಕ್ಷಿಣದಲ್ಲಿ ಕಡಿಮೆ.

ಎರಡನೆಯದಾಗಿ, ನಿಜವಾಗಿ ಏನು ನಡೆಯಿತು ಅಂತ ಹುಡುಕಿ. ನೋವಿದ್ದರೂ ಬೇರೆ ತೊಡಕಿಲ್ಲದ 434 ಜನರನ್ನು ಬ್ರಿಟನ್ನಿನಲ್ಲಿ ಎರಡು ಗುಂಪು ಮಾಡಿದರು. ಒಂದಕ್ಕೆ ಆಪರೇಷನ್, ಇನ್ನೊಂದಕ್ಕೆ ಕಾದು ನೋಡುವುದು. 18 ತಿಂಗಳ ಲೆಕ್ಕದಲ್ಲಿ ಎರಡೂ ಗುಂಪಿನ ನೋವು ಹೆಚ್ಚುಕಮ್ಮಿ ಒಂದೇ ಅಂತ 2023ರಲ್ಲಿ ಪ್ರಕಟವಾಯಿತು. ‘ಆಪರೇಷನ್ ಬೇಡವೇ ಬೇಡ’ ಅನ್ನಲು ಇಷ್ಟು ಸಾಕು ಅನಿಸುತ್ತದೆ. ಆದರೆ ಆಪರೇಷನ್ ಗುಂಪಿನಲ್ಲಿ ಅಷ್ಟರೊಳಗೆ ಆಪರೇಷನ್ ಆಗಿದ್ದು ಶೇ. 67 ಜನರಿಗೆ ಮಾತ್ರ. ಕಾಯುವ ಗುಂಪಿನಲ್ಲೂ ಶೇ. 25 ಜನ ಮಾಡಿಸಿಕೊಂಡಿದ್ದರು. ಶೀರ್ಷಿಕೆಯಷ್ಟೇ ಓದಿದವರಿಗೆ ಇದು ಕಾಣುವುದಿಲ್ಲ.

ತಂಗಿಯ ಕಲ್ಲು ಸಣ್ಣದು. ಸಣ್ಣದೇ ಜಾರುವುದು. ಅದು ನಾಳದ ತುದಿಗೆ ಹೋಗಿ ಮೇದೋಜೀರಕ ಗ್ರಂಥಿ ಊದಿಕೊಂಡಿತು. ಐದು ದಿನಕ್ಕೆ ಕಡಿಮೆಯಾಯಿತು. ಆಸ್ಪತ್ರೆಯವರು ತಿಂಗಳು ಬಿಟ್ಟು ಆಪರೇಷನ್ನಿಗೆ ಬನ್ನಿ ಎಂದರು. ‘ಅಕ್ಕಾ, ಅಲ್ಲೀವರೆಗೂ ಎಣ್ಣೆ ಮುಟ್ಟಲ್ಲ ಬಿಡು’ ಅಂದಳು. ಹದಿನೇಳನೇ ದಿನ ಮತ್ತೆ ದಾಖಲಾದಳು. ಆಮೇಲೆ ನಾನು ಓದಿದ್ದು 2015ರ ನೆದರ್ಲೆಂಡ್ಸ್ ಅಧ್ಯಯನ. ಇಂಥದೇ ಸೌಮ್ಯ ಊತದ 266 ರೋಗಿಗಳು. ಅದೇ ದಾಖಲಾತಿಯಲ್ಲಿ ಪಿತ್ತಕೋಶ ತೆಗೆಸಿಕೊಂಡವರಲ್ಲಿ ಕಲ್ಲಿನ ತೊಡಕಿಗೆ ಮತ್ತೆ ಆಸ್ಪತ್ರೆ ಸೇರಿದವರು ಅಥವಾ ತೀರಿಕೊಂಡವರು ಒಟ್ಟು ಶೇ. 5. ಸುಮಾರು ನಾಲ್ಕು ವಾರ ಕಾದವರಲ್ಲಿ ಶೇ. 17. ಅದಕ್ಕೇ ಡಿಸ್ಚಾರ್ಜ್ ಆಗುವ ಮೊದಲೇ ಕೇಳಿ: ‘ಈಗಲೇ ಯಾಕೆ ಮಾಡಬಾರದು, ಡಾಕ್ಟ್ರೇ?’ ಕಾಯಲು ಸರಿಯಾದ ಕಾರಣವೂ ಇರಬಹುದು, ತೀವ್ರವಾದ ಊತವಿದ್ದರೆ ಕಾಯಲೇಬೇಕು. ಆದರೆ ಕೇಳದಿದ್ದರೆ ತಿಳಿಯುವುದಿಲ್ಲ.

ವಾಟ್ಸ್ಆ್ಯಪ್ ಮದ್ದನ್ನೂ ಪಬ್‌ಮೆಡ್‌ನಲ್ಲೇ ಹುಡುಕಿ. ಸೇಬಿನ ರಸ, ಆಲಿವ್ ಎಣ್ಣೆ, ನಿಂಬೆರಸ ಕುಡಿದರೆ ಹಸಿರು ಕಲ್ಲುಗಳು ಬೀಳುತ್ತವೆ ಅಂತ ನಮ್ಮ ಭಾವನವರು ವಿಡಿಯೋ ಕಳಿಸಿದ್ದರು. ಹಾಗೆ ಬಿದ್ದ ‘ಕಲ್ಲು’ಗಳನ್ನು ಪರೀಕ್ಷಿಸಿದ ವರದಿ 2005ರಲ್ಲಿ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನಲ್ಲಿ ಬಂದಿದೆ. 40 ಡಿಗ್ರಿ ಶಾಖಕ್ಕೆ ಹತ್ತು ನಿಮಿಷದಲ್ಲಿ ಕರಗಿ ಹಸಿರು ಎಣ್ಣೆಯಾದವು. ಕೊಲೆಸ್ಟರಾಲ್ ಇಲ್ಲ, ಕ್ಯಾಲ್ಸಿಯಂ ಇಲ್ಲ. ಕುಡಿದ ಎಣ್ಣೆಯೇ ಹೊಟ್ಟೆಯೊಳಗೆ ಸೋಪಿನಂತಾಗಿ ಹೊರಬಂದಿತ್ತು. ಇದನ್ನು ಭಾವನವರಿಗೆ ಓದಿ ಹೇಳಿದೆ. ಪೂರ್ತಿ ಕೇಳಿಸಿಕೊಂಡು, ‘ಹಾಗಾದ್ರೆ ಬಾಳೆದಿಂಡು?’ ಎಂದರು.