ಹಳೇ ಬೇಸ್ ಗಿಟಾರಿಗೆ ಬೆಲೆ ಕಟ್ಟುವುದು: ಮುಂಬಯಿಯಲ್ಲಿ ನನ್ನ ಅನುಭವ

ಹಳೇ ಬೇಸ್ ಗಿಟಾರ್ ಮಾರಬೇಕು ಅಂತ ಯಾರಾದರೂ ಫೋನ್ ಮಾಡಿದರೆ ನಾನು ಮೊದಲು ಹೇಳುವುದು ಒಂದೇ ಮಾತು. ಒರೆಸಬೇಡಿ. ಬ್ರಾಸೋ ಹಾಕಿ ಉಜ್ಜಬೇಡಿ, ತಂತಿ ಬದಲಿಸಬೇಡಿ, ಕಾರಿಗೆ ಹಾಕುವ ಪಾಲಿಶ್ ಅಂತೂ ಹತ್ತಿರಕ್ಕೂ ತರಬೇಡಿ. ಮನೆಗೆ ಯಾರಾದರೂ ಬರುತ್ತಾರೆ ಅಂದರೆ ಸಾಮಾನೆಲ್ಲ ತೊಳೆದಿಡುವುದು ನಮ್ಮವರ ಅಭ್ಯಾಸ. ಇಲ್ಲಿ ಅದು ತುಂಬ ದುಬಾರಿ ಬೀಳುತ್ತದೆ. ಸ್ಕ್ರೂ ತಲೆಯಲ್ಲಿ ಕೂತ ಕೊಳೆ, ಪಿಕ್‌ಗಾರ್ಡ್ (ಮುಂಭಾಗದ ಪ್ಲಾಸ್ಟಿಕ್ ಹಲಗೆ) ಅಡಿಯ ಧೂಳು, ಬೆಸುಗೆಯ ಮೇಲೆ ಹಿಡಿದ ಮಂಕು, ಇವೇ ನನಗೆ ಸಾಕ್ಷಿ.

ನಾನು ಉಡುಪಿ ಕಡೆಯವನು. ಮುಂಬಯಿಗೆ ಬಂದದ್ದು ಮಾಟುಂಗಾದಲ್ಲಿ ಮಾವನ ಹೋಟೆಲಿನ ಗಲ್ಲಾದಲ್ಲಿ ಕೂರಲು. ಬೇಸ್ ಬಾರಿಸುವ ಹುಚ್ಚು ಹತ್ತಿದ್ದು ಇಲ್ಲೇ. ರಜೆ ಸಿಕ್ಕಾಗೆಲ್ಲ ಧೋಬಿ ತಲಾವ್ ಕಡೆ ಹೋಗಿ ರಿಪೇರಿಯವರ ಪಕ್ಕ ಕೂತು ಕೂತು ಕೆಲಸ ಕಲಿತೆ. ಈಗ ಸೆಟಪ್, ಫ್ರೆಟ್ ಕೆಲಸ, ವೈರಿಂಗ್, ಜೊತೆಗೆ ಹೀಗೆ ಬೆಲೆ ಕಟ್ಟಿಕೊಡುವುದು.

ಈ ಊರಿನಲ್ಲಿ ಹಳೇ ಅಮೆರಿಕನ್ ಬೇಸ್ ಇನ್ನೂ ಕಣ್ಣಿಗೆ ಬೀಳುತ್ತದೆ. 1991ಕ್ಕೆ ಮೊದಲು ಹೊರಗಿನ ಸಾಮಾನು ಸುಲಭವಾಗಿ ಬರುತ್ತಿರಲಿಲ್ಲ. ಹಡಗಿನ ಬ್ಯಾಂಡಿನಲ್ಲಿ ಬಾರಿಸಲು ಹೋದ ಗೋವಾದವರು, ಗಲ್ಫಿಗೆ ಹೋದ ಮಂಗಳೂರಿನವರು ಹೊತ್ತು ತಂದದ್ದೇ ಜಾಸ್ತಿ. ಆಮೇಲೆ ಅವು ಸಿನಿಮಾ ರೆಕಾರ್ಡಿಂಗ್, ದೊಡ್ಡ ಹೋಟೆಲಿನ ಬ್ಯಾಂಡ್, ಮದುವೆ ಬ್ಯಾಂಡ್ ಎಲ್ಲ ಕಡೆ ದುಡಿದವು. ಹೊಸ ತಂತಿ ಸಿಗದೆ ಹಳೇ ತಂತಿಯನ್ನೇ ನೀರಲ್ಲಿ ಕುದಿಸಿ ಮತ್ತೆ ಹಾಕುತ್ತಿದ್ದ ಕಾಲ ಅದು. ಕೆಟ್ಟದ್ದನ್ನು ಸಿಕ್ಕಿದ್ದರಲ್ಲಿ ಸರಿ ಮಾಡಿದ್ದಾರೆ, ಬ್ಯಾಂಡಿನ ಡ್ರೆಸ್ಸಿಗೆ ಹೊಂದಲಿ ಅಂತ ಗ್ಯಾರೇಜಿನಲ್ಲಿ ಬಣ್ಣ ಹೊಡೆಸಿದ್ದಾರೆ. ಅದನ್ನು ಮೋಸ ಅನ್ನಲು ನನಗೆ ಮನಸ್ಸಿಲ್ಲ, ಅದು ಅವರ ಹೊಟ್ಟೆಪಾಡು. ಆದ್ದರಿಂದ ‘ಇದು ಒರಿಜಿನಲ್ ಅಲ್ವಾ?’ ಅಂತ ಯಾರಾದರೂ ಕೇಳಿದರೆ ಹೌದು, ಇಲ್ಲ ಅಂತ ಒಂದೇ ಮಾತಿನಲ್ಲಿ ಹೇಳಲು ಬರುವುದಿಲ್ಲ. ಯಾವ ಭಾಗಕ್ಕೆ ಕೈ ಹಾಕಿದ್ದಾರೆ, ಯಾವುದಕ್ಕೆ ಹಾಕಿಲ್ಲ ಅಂತ ಒಂದೊಂದಾಗಿ ನೋಡಬೇಕು. ಬೆಲೆ ಹುಟ್ಟುವುದು ಆ ಲೆಕ್ಕದಿಂದ.

ಒಂದು ಉದಾಹರಣೆ ಹಿಡಿದೇ ಹೇಳುತ್ತೇನೆ. ಮಲಾಡಿನ ಓರ್ಲೆಮ್‌ನಲ್ಲಿ ಒಬ್ಬರು ಅಂಕಲ್ ಇದ್ದಾರೆ. ಮಂಗಳೂರಿನವರು, ಮದುವೆ ಬ್ಯಾಂಡಿನಲ್ಲಿ ಬಾರಿಸಿದವರು. ಬೆರಳಿಗೆ ಸಂಧಿವಾತ ಬಂದು ಬಿಟ್ಟಿದ್ದಾರೆ. ಅವರ ಹತ್ತಿರ ಇದ್ದದ್ದು ಅಮೆರಿಕದ ಫೆಂಡರ್ ಕಂಪನಿಯ ಪ್ರಿಸಿಷನ್ ಮಾಡೆಲ್ ಬೇಸ್, ಸನ್‌ಬರ್ಸ್ಟ್ ಬಣ್ಣದ್ದು (ನಡುವೆ ತಿಳಿ, ಅಂಚಿಗೆ ಗಾಢ).

ಪ್ರಿಸಿಷನ್ ಬೇಸ್ ಬಂದದ್ದು 1951ರಲ್ಲಿ. ಇವತ್ತು ನಾವು ನೋಡುವ, ಎರಡು ತುಂಡಾಗಿ ಹಿಂದೆ ಮುಂದೆ ಕೂತ ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಸದ್ದಾಗಿ ಹಿಡಿಯುವ ಭಾಗ) 1957ರದ್ದು. 1960ರಲ್ಲಿ ಜಾಝ್ ಬೇಸ್ ಬಂತು. 1965ರ ಜನವರಿಯಲ್ಲಿ ಲಿಯೋ ಫೆಂಡರ್ ಕಂಪನಿಯನ್ನು ಅಮೆರಿಕದ ಪ್ರಸಾರ ಸಂಸ್ಥೆ ಸಿಬಿಎಸ್‌ಗೆ ಮಾರಿದರು. ಸಂಗ್ರಹ ಮಾಡುವವರು ಆ ತಾರೀಖಿನ ಆಚೆಗೊಂದು ಈಚೆಗೊಂದು ಬೆಲೆ ಕಟ್ಟುತ್ತಾರೆ. ನನ್ನ ಕಿವಿಗೆ 1966ರ ಒಳ್ಳೆಯ ಬೇಸಿಗೂ 1964ರದ್ದಕ್ಕೂ ಅಷ್ಟೇನೂ ವ್ಯತ್ಯಾಸ ಕೇಳುವುದಿಲ್ಲ. ಆದರೆ ಬೆಲೆಯನ್ನು ನನ್ನ ಕಿವಿ ಕಟ್ಟುವುದಿಲ್ಲವಲ್ಲ.

ಹಿಂದೆ ನೆಕ್ಕನ್ನು (ತಂತಿ ಒತ್ತುವ ಉದ್ದನೆಯ ಭಾಗ) ಬಾಡಿಗೆ ಬಿಗಿಯುವ ಪ್ಲೇಟಿನಲ್ಲಿ ದೊಡ್ಡ ‘ಎಫ್’ ಅಕ್ಷರ, ಮೇಲೆ ಆರು ಅಂಕಿಯ ಸೀರಿಯಲ್ ನಂಬರ್. ಆ ಎಫ್ ಪ್ಲೇಟ್ 1965ರಿಂದ 1976ರವರೆಗೆ ಬಂದದ್ದು. ಜನ ಈ ನಂಬರನ್ನೇ ಜಾತಕ ಅಂದುಕೊಳ್ಳುತ್ತಾರೆ. ಕಾರ್ಖಾನೆಯಲ್ಲಿ ಪ್ಲೇಟುಗಳನ್ನು ನಂಬರಿನ ಸರದಿಯಲ್ಲಿ ಹಾಕುತ್ತಿರಲಿಲ್ಲ, ಡಬ್ಬಿಗೆ ಕೈ ಹಾಕಿದಾಗ ಸಿಕ್ಕಿದ್ದನ್ನು ಕೂರಿಸುತ್ತಿದ್ದರು. ಮೇಲಾಗಿ ನಾಲ್ಕು ಸ್ಕ್ರೂ ಬಿಚ್ಚಿದರೆ ಪ್ಲೇಟ್ ಬೇರೆ ಗಿಟಾರಿಗೆ ಹೋಗುತ್ತದೆ. ನಂಬರ್ ಬರೆದುಕೊಂಡು ಮುಂದೆ ಹೋಗುತ್ತೇನೆ.

‘ಅಂಕಲ್, ನೆಕ್ ಬಿಚ್ಚಿ ನೋಡ್ಲಾ?’ ಅಂತ ಕೇಳಿದೆ.

‘ಬಿಚ್ಚು ಮಾರಾಯ. ಆದ್ರೆ ಹೇಗಿತ್ತೋ ಹಾಗೇ ಕೂರಿಸಿ ಕೊಡ್ಬೇಕು.’

ತಂತಿ ಸಡಿಲ ಮಾಡಿ, ಸ್ಕ್ರೂಗಳನ್ನು ಬಿಚ್ಚಿದ ಜಾಗದ ಪ್ರಕಾರವೇ ಕಾಗದದ ಮೇಲೆ ಚುಚ್ಚಿಟ್ಟು, ನೆಕ್ ಎತ್ತಿದೆ. ಬುಡದಲ್ಲಿ ಮುದ್ರೆ ಇತ್ತು: 5 ನವೆಂಬರ್ 66 ಸಿ. ‘ನೋಡು, ನವೆಂಬರ್ ಐದಕ್ಕೆ ಹುಟ್ಟಿದ್ದು’ ಅಂದರು ಅಂಕಲ್. ಎಲ್ಲರೂ ಹೀಗೇ ಓದುತ್ತಾರೆ. ಆ 5 ತಾರೀಖಲ್ಲ, ಮಾಡೆಲಿನ ಗುರುತು. ಐದು ಅಂದರೆ ಪ್ರಿಸಿಷನ್, ಏಳು ಅಂದರೆ ಜಾಝ್ ಬೇಸ್. ಕೊನೆಯ ಅಕ್ಷರ ನಟ್ (ನೆಕ್ಕಿನ ತಲೆಯ ಕಡೆ ತಂತಿ ಕೂರುವ ಪಟ್ಟಿ) ಹತ್ತಿರ ನೆಕ್ ಎಷ್ಟು ಅಗಲ ಅಂತ ಹೇಳುತ್ತದೆ. ಸಿ ಅಂದರೆ ಒಂದೂ ಮುಕ್ಕಾಲು ಇಂಚು, ಎ ಅಂದರೆ ಒಂದೂವರೆ. ಸ್ಕೇಲ್ ಇಟ್ಟು ಅಳೆದೆ, ಒಂದೂ ಮುಕ್ಕಾಲು ಬಂತು. ಮುದ್ರೆ ಒಂದು ಹೇಳಿ ಅಳತೆ ಇನ್ನೊಂದು ಹೇಳಿದರೆ ಅಲ್ಲೇ ನನ್ನ ಹುಬ್ಬು ಏರುತ್ತದೆ.

ಇನ್ನೊಂದು ಮಾತು. ಆ ಕಾಲದ ಫೆಂಡರಿನಲ್ಲಿ ಟ್ರಸ್ ರಾಡ್ (ನೆಕ್ಕಿನ ಬಾಗು ಸರಿ ಮಾಡುವ ಒಳಗಿನ ಸರಳು) ತಿರುಗಿಸುವ ತಿರುಪಿನ ನಟ್ ಇರುವುದು ನೆಕ್ಕಿನ ಬುಡದಲ್ಲಿ. ಅದಕ್ಕೇ ಮಳೆಗಾಲ ಬಂದಾಗಲೆಲ್ಲ ಯಾರೋ ಒಬ್ಬರು ನೆಕ್ ಬಿಚ್ಚಿರುತ್ತಾರೆ. ನೆಕ್ ಬಿಚ್ಚಿದ ಗುರುತು ಇದ್ದರೆ ಗಾಬರಿ ಬೇಡ. ಆದರೆ ಆ ನಟ್ಟಿನ ಸೀಳು ತಿಂದು ಹೋಗಿದೆಯಾ, ಇನ್ನೂ ತಿರುಗುತ್ತದಾ ಅಂತ ನೋಡಲೇಬೇಕು. ರಾಡ್ ಸತ್ತಿದ್ದರೆ ಉಳಿದದ್ದೆಲ್ಲ ಒರಿಜಿನಲ್ ಆದರೂ ನುಡಿಸುವವನು ಕೊಳ್ಳುವುದಿಲ್ಲ. ಅಂಕಲ್ ಬೇಸಿನದು ಚೆನ್ನಾಗಿಯೇ ತಿರುಗಿತು.

ನೆಕ್ ಕೂರುವ ಗುಂಡಿಯಲ್ಲಿ ಬಣ್ಣ ಹತ್ತದ ಒಂದು ಪಟ್ಟಿ ಇತ್ತು. ಬಣ್ಣ ಹೊಡೆಯುವಾಗ ಬಾಡಿಯನ್ನು ಹಿಡಿಯಲು ಅಲ್ಲಿ ಕೋಲು ಬಿಗಿಯುತ್ತಿದ್ದರು, ಅದರ ನೆರಳು ಅದು. ಆಮೇಲೆ ಬಣ್ಣ ಹೊಡೆಸಿದ್ದರೆ ಆ ಪಟ್ಟಿ ಸಾಮಾನ್ಯವಾಗಿ ಮುಚ್ಚಿ ಹೋಗಿರುತ್ತದೆ. ನನ್ನ ಮಟ್ಟಿಗೆ ಇಡೀ ಬೇಸಿನಲ್ಲಿ ನೋಡಲೇಬೇಕಾದ ಜಾಗ ಇದು.

ಬಣ್ಣಕ್ಕೆ ಇನ್ನೊಂದು ಪರೀಕ್ಷೆ ನಾನು ಕಲಿತದ್ದು ಹೋಟೆಲಿನ ಗಲ್ಲಾದಿಂದಲೇ. ಖೋಟಾ ನೋಟು ಹಿಡಿಯಲು ಇಟ್ಟಿರುತ್ತೇವಲ್ಲ, ಆ ನೇರಳೆ ದೀಪ. ಕೋಣೆ ಕತ್ತಲು ಮಾಡಿ ಬೇಸಿನ ಮೇಲೆ ಹಿಡಿದರೆ ಹಳೇ ನೈಟ್ರೋಸೆಲ್ಯುಲೋಸ್ ಲ್ಯಾಕರ್ ಹಳದಿ ಹಸಿರಾಗಿ ಹೊಳೆಯುತ್ತದೆ. ಆಮೇಲೆ ಹಚ್ಚಿದ ಜಾಗ ಹಾಗೆ ಹೊಳೆಯುವುದಿಲ್ಲ, ಕಪ್ಪಾಗಿ ತೇಪೆಯಂತೆ ಕಾಣುತ್ತದೆ. 1968ರ ಸುಮಾರಿಗೆ ಫೆಂಡರ್ ಪಾಲಿಯೆಸ್ಟರ್ ಬಳಸಲು ಶುರು ಮಾಡಿತು, ಆದ್ದರಿಂದ ಆಮೇಲಿನವಕ್ಕೆ ಈ ದೀಪವನ್ನು ಅಷ್ಟಾಗಿ ನಂಬುವುದಿಲ್ಲ. ಅಂಕಲ್ ಬೇಸ್ ಎಲ್ಲ ಕಡೆ ಹಸಿರು ಹೊಳೆಯಿತು, ಕೆಳಗಿನ ಅಂಚಿನಲ್ಲಿ ಒಂದು ಚೂರು ಬಿಟ್ಟು. ‘ಅದು ವಸಯಿಯಲ್ಲಿ ಸ್ಟೇಜಿನಿಂದ ಬಿದ್ದದ್ದು’ ಅಂದರು. ಸರಿ, ಅಷ್ಟಕ್ಕೆ ಬೆಲೆ ಬೀಳುವುದಿಲ್ಲ.

ಇನ್ನು ಪಿಕ್‌ಗಾರ್ಡ್ ಅಡಿ. ಇಲ್ಲಿ ನಾನು ಅವಸರ ಮಾಡುವುದಿಲ್ಲ.

ಪಾಟ್‌ಗಳ (ಸದ್ದು, ಟೋನ್ ಹೆಚ್ಚುಕಡಿಮೆ ಮಾಡುವ ಗುಬುಟಿಯ ಕೆಳಗಿನ ಬಿಡಿಭಾಗ) ಬೆನ್ನಿನಲ್ಲಿ ಅಂಕಿ ಒತ್ತಿರುತ್ತಾರೆ. ಮೊದಲ ಮೂರು ತಯಾರಿಸಿದವರದು: 137 ಅಂದರೆ ಸಿಟಿಎಸ್, 304 ಅಂದರೆ ಸ್ಟ್ಯಾಕ್‌ಪೋಲ್. ಆಮೇಲೆ ವರ್ಷ, ಕೊನೆಯ ಎರಡು ವಾರ. ಇದರಲ್ಲಿ 1376633 ಇತ್ತು, ಅಂದರೆ 1966ರ 33ನೇ ವಾರ. ನೆಕ್ ನವೆಂಬರಿನದು, ಪಾಟ್ ಆಗಸ್ಟಿನದು. ಹೊಂದುತ್ತದೆ. ಆದರೆ ಹುಷಾರು, 1966ರಲ್ಲಿ ಫೆಂಡರ್ ಪಾಟ್‌ಗಳನ್ನು ರಾಶಿ ಕೊಂಡಿಟ್ಟು 1969ರವರೆಗೂ ಹಾಕಿದೆ. ಹಾಗಾಗಿ ಪಾಟಿನ ಮೇಲೆ 66 ಅಂತ ಇದ್ದರೆ, ಬೇಸ್ ಅದಕ್ಕಿಂತ ಹಿಂದಿನದಲ್ಲ ಅಂತ ಮಾತ್ರ ಗೊತ್ತಾಗುತ್ತದೆ. ಪಾಟ್ ಒಂದನ್ನೇ ತೋರಿಸಿ 1966 ಅಂತ ಮಾರುವವರು ಸಿಗುತ್ತಾರೆ.

ಅಂಕಿಗಿಂತ ನನಗೆ ಬೆಸುಗೆ ಮುಖ್ಯ. ಕಾರ್ಖಾನೆಯ ಬೆಸುಗೆ ಇಷ್ಟು ವರ್ಷಕ್ಕೆ ಬೂದು ಬಣ್ಣಕ್ಕೆ ತಿರುಗಿ ಹೊಳಪು ಸತ್ತಿರುತ್ತದೆ. ಒಂದು ಸಲ ಕಾಯಿಸಿದರೆ ಮತ್ತೆ ಮಿಂಚುತ್ತದೆ, ಸುತ್ತ ಬೆಸುಗೆಯ ಫ್ಲಕ್ಸ್‌ನ (ಬೆಸುಗೆ ಹಿಡಿಯಲು ಬಳಸುವ ರಾಳ) ಕಂದು ಕಲೆ ಉಳಿಯುತ್ತದೆ, ವೈರಿನ ಬಟ್ಟೆಯ ಹೊದಿಕೆ ತುದಿಯಲ್ಲಿ ಸುಟ್ಟಿರುತ್ತದೆ. ಬಟ್ಟೆ ಹೊದಿಕೆಯ ವೈರ್ 1960ರ ದಶಕದ ಕೊನೆಯವರೆಗೆ ಇತ್ತು, ಆಮೇಲೆ ಪ್ಲಾಸ್ಟಿಕ್ ಬಂತು. ಇಲ್ಲಿ ಎರಡು ಪಾಟಿನ ಬೆಸುಗೆಯೂ ಮಂಕಾಗಿತ್ತು. ಜ್ಯಾಕ್‌ನದು (ಆಂಪ್ಲಿಫೈಯರ್ ವೈರ್ ಚುಚ್ಚುವ ಜಾಗ) ಮಾತ್ರ ಮಿಂಚುತ್ತಿತ್ತು, ವೈರ್ ಕೆಂಪು ಪ್ಲಾಸ್ಟಿಕ್. ಜ್ಯಾಕ್ ಬದಲಾಗಿದೆ. ಪಿಕಪ್ಪಿನಿಂದ ಬಂದ ವೈರಿನಲ್ಲಿ ಒಂದು ಜಾಗದಲ್ಲಿ ಹೊಸ ಬೆಸುಗೆ ಇತ್ತು. ನನ್ನ ಗಮನ ಅಲ್ಲಿಗೆ ಹೋಯಿತು.

ಮುಂಬಯಿಯ ಹವೆ ಪಿಕಪ್ಪಿಗೆ ಶತ್ರು. ಫೆಂಡರ್ ಪಿಕಪ್ಪಿನಲ್ಲಿ ತಾಮ್ರದ ಎಳೆಯನ್ನು ಅಯಸ್ಕಾಂತದ ಕಡ್ಡಿಗಳ ಮೇಲೇ ಸುತ್ತಿರುತ್ತಾರೆ. ಉಪ್ಪು ಗಾಳಿಗೆ, ಬೆವರಿಗೆ ಕಡ್ಡಿ ತುಕ್ಕು ಹಿಡಿದರೆ ಒಳಸುತ್ತಿನ ಎಳೆ ತುಂಡಾಗುತ್ತದೆ. ಪ್ರಿಸಿಷನ್‌ನ ಎರಡು ತುಂಡೂ ಸಾಲಾಗಿ ಸೇರಿರುವುದರಿಂದ ಒಂದು ಸತ್ತರೂ ಸದ್ದು ಹೋಗುತ್ತದೆ. ಅದಕ್ಕೆ ಒಟ್ಟು ಅಳತೆ ನೋಡಿ ಸುಮ್ನೆ ಆಗುವುದಿಲ್ಲ, ಪ್ರತಿ ತುಂಡನ್ನೂ ಬೇರೆಯಾಗಿ ಅಳೆಯುತ್ತೇನೆ. ಲ್ಯಾಮಿಂಗ್ಟನ್ ರೋಡಿನ ಸಾಧಾರಣ ಮಲ್ಟಿಮೀಟರ್ ಸಾಕು. ಎರಡೂ ಸೇರಿ ಸುಮಾರು 10ರಿಂದ 12 ಕಿಲೋ ಓಮ್, ಅಂದರೆ ಒಂದೊಂದು ಐದೂವರೆಯ ಆಸುಪಾಸು ಬರಬೇಕು, ಎರಡೂ ಹತ್ತಿರ ಹತ್ತಿರ ಇರಬೇಕು. ಇಲ್ಲಿ ಒಂದು 5.4, ಇನ್ನೊಂದು 6.8. ಎತ್ತಿ ನೋಡಿದರೆ ಎರಡಕ್ಕೂ ಅದೇ ಹಳೇ ಬೂದು ತಳ, ಅದೇ ತುಕ್ಕು ಹಿಡಿದ ಕಡ್ಡಿ. ಆದರೆ ಒಂದರ ಎಳೆ ಕಂದು, ಇನ್ನೊಂದರದು ಹೊಸ ತಾಮ್ರದ ಕೆಂಪು. ಯಾರೋ ರೀವೈಂಡ್ ಮಾಡಿದ್ದಾರೆ, ಅಂದರೆ ಹೊಸ ಎಳೆ ಸುತ್ತಿದ್ದಾರೆ.

ಅಂಕಲ್‌ಗೆ ಇದು ಇಷ್ಟವಾಗಲಿಲ್ಲ. ‘ಸೌಂಡ್ ಅದೇ ಉಂಟಲ್ಲ?’ ಅಂದರು. ಉಂಟು. ಆದರೆ ಮಾರುವಾಗ ಹೇಳಬೇಕು. ಇಡೀ ಪಿಕಪ್ ಬದಲಿಸಿದ್ದಕ್ಕೆ ಹೋಲಿಸಿದರೆ ಹಳೇ ತಳ, ಹಳೇ ಕಡ್ಡಿ ಉಳಿಸಿಕೊಂಡು ರೀವೈಂಡ್ ಮಾಡಿದ್ದು ಎಷ್ಟೋ ಮೇಲು.

ತೂತುಗಳನ್ನೂ ನೋಡಬೇಕು. ಬ್ರಿಜ್ (ಬಾಡಿಯ ಮೇಲೆ ತಂತಿ ಕೂರುವ ಲೋಹದ ಭಾಗ) ಬದಲಿಸಿದ್ದರೆ, ತಂತಿ ಬಿಗಿಯುವ ಕೀಲಿ ಬದಲಿಸಿದ್ದರೆ ಹಳೇ ಸ್ಕ್ರೂ ತೂತು ಎಲ್ಲಾದರೂ ಇಣುಕುತ್ತದೆ. ಬೆರಳು ಆನಿಸುವ ಮರದ ತುಂಡು 1974ರವರೆಗೆ ತೆಳು ತಂತಿಯ ಕಡೆ ಇತ್ತು, ಆಮೇಲೆ ದಪ್ಪ ತಂತಿಯ ಕಡೆಗೆ ಹೋಯಿತು. ಅರವತ್ತರ ದಶಕದ್ದು ಅನ್ನುವ ಬಾಡಿಯಲ್ಲಿ ಅದರ ತೂತು ಮೇಲ್ಗಡೆ ಇದ್ದರೆ ವಿಚಾರಿಸಬೇಕು. ಬ್ರಿಜ್ ಮೇಲಿನ ಕ್ರೋಮ್ ಮುಚ್ಚಳ ಇಲ್ಲಿ ಯಾರ ಬಳಿಯೂ ಇರುವುದಿಲ್ಲ. ಆಂಟಿಯನ್ನು ಕೇಳಿದೆ. ಬಾಗಿಲ ಹತ್ತಿರ ಕೀಲಿಕೈ ಹಾಕಿಡುತ್ತಿದ್ದ ಬಟ್ಟಲೇ ಅದು! ಅಡಿಯಲ್ಲಿ ಹಳೇ ಸ್ಪಂಜಿನ ಚೂರು ಇನ್ನೂ ಅಂಟಿತ್ತು. ಈ ಮುಚ್ಚಳವೊಂದೇ ಒಳ್ಳೆಯ ಬೆಲೆಗೆ ಹೋಗುತ್ತದೆ.

ಎಲ್ಲ ಬೇಸೂ ಫೆಂಡರ್ ಅಲ್ಲ, ಎಲ್ಲ ಫೆಂಡರೂ ಅಮೆರಿಕದ್ದಲ್ಲ. ನನ್ನ ಕೈಗೆ ಹೆಚ್ಚು ಬರುವುದು ಜಪಾನಿನವು. 1982ರಲ್ಲಿ ಶುರುವಾದ ಫೆಂಡರ್ ಜಪಾನಿನ ಮೊದಲ ವರ್ಷಗಳ ‘ಜೆವಿ’ ಸೀರಿಯಲ್ ಬೇಸುಗಳನ್ನು ಫುಜಿಗೆನ್ ಕಾರ್ಖಾನೆ ಮಾಡಿದೆ, ಅವಕ್ಕೆ ಅವುಗಳದೇ ಬೆಲೆ ಇದೆ. ತೊಂದರೆ ಬರುವುದು ಗ್ರೆಕೋ, ಟೋಕಾಯ್ ತರದ ಒಳ್ಳೇ ನಕಲಿನ ತಲೆಗೆ ಫೆಂಡರ್ ಸ್ಟಿಕರ್ ಅಂಟಿಸಿ ತಂದಾಗ. ಮೂಲ ಹೆಸರಿನಲ್ಲೇ ಮಾರಿದ್ದರೆ ಮರ್ಯಾದೆಯ ಬೆಲೆ ಸಿಗುತ್ತಿತ್ತು. ಚೋರ್ ಬಜಾರಿನಲ್ಲಿ ಇನ್ನೂ ಧೈರ್ಯವಂತರಿದ್ದಾರೆ, ಕೋಲ್ಕತ್ತಾದಲ್ಲಿ ತಯಾರಾದ ಗಿವ್ಸನ್‌ಗೂ ಅಮೆರಿಕದ ಗಿಬ್ಸನ್ ಬೆಲೆ ಹೇಳುತ್ತಾರೆ.

ಬೆಲೆಗೆ ಬರೋಣ. ವೆಬ್‌ಸೈಟಿನಲ್ಲಿ ಕೇಳುತ್ತಿರುವ ಬೆಲೆಯನ್ನು ನಾನು ನೋಡುವುದಿಲ್ಲ, ಮಾರಾಟವಾದ ಬೆಲೆ ಮಾತ್ರ ನೋಡುತ್ತೇನೆ. ಅದೇ ವರ್ಷದ, ಅದೇ ಬಣ್ಣದ, ಏನೂ ಬದಲಾಗದ ಬೇಸ್ ಎಷ್ಟಕ್ಕೆ ಹೋಗಿದೆ ಅಂತ ಹಿಡಿದು ಅಲ್ಲಿಂದ ಕಳೆಯುತ್ತಾ ಬರುತ್ತೇನೆ. ಪೂರ್ತಿ ಬಣ್ಣ ಹೊಡೆಸಿದ್ದರೆ ಹೆಚ್ಚುಕಡಿಮೆ ಅರ್ಧ ಹೋಯಿತು, ಇದು ಎಲ್ಲ ಕಡೆಯ ರೂಢಿ. ಪಿಕಪ್ ರೀವೈಂಡ್‌ಗೆ ನಾನು ಹತ್ತು ಪರ್ಸೆಂಟ್ ಕಳೆಯುತ್ತೇನೆ, ಜ್ಯಾಕ್‌ಗೆ ಲೆಕ್ಕಕ್ಕಿಲ್ಲದಷ್ಟು. ಸ್ಟೇಜಿನಲ್ಲಿ ಸವೆದ ಬಣ್ಣಕ್ಕೆ ಏನೂ ಕಳೆಯುವುದಿಲ್ಲ. ಆಮೇಲೆ ಇಲ್ಲಿನ ವಾಸ್ತವ: ನಮ್ಮಲ್ಲಿ ಕೊಳ್ಳುವವರು ಕಡಿಮೆ, ಅವರೂ ಹೆಚ್ಚಾಗಿ ನುಡಿಸುವವರು. ಅದಕ್ಕಾಗಿ ಇನ್ನಷ್ಟು ಇಳಿಸಬೇಕಾಗುತ್ತದೆ.

ಅಂಕಲ್ ಮಗ ಹೊರದೇಶಕ್ಕೇ ಮಾರೋಣ ಅಂದ. ಅಲ್ಲಿ ಇನ್ನೊಂದು ತೊಡಕು. ಅರವತ್ತರ ದಶಕದ ನಡುವಿನವರೆಗೆ ಫೆಂಡರ್ ಫಿಂಗರ್‌ಬೋರ್ಡಿಗೆ (ನೆಕ್ಕಿನ ಮೇಲೆ ಬೆರಳು ಒತ್ತುವ ಮರದ ಪಟ್ಟಿ) ಬ್ರೆಜಿಲ್‌ನ ರೋಸ್‌ವುಡ್ ಹಾಕುತ್ತಿತ್ತು, ಆಮೇಲೆ ನಮ್ಮ ಘಟ್ಟದಲ್ಲೂ ಬೆಳೆಯುವ ಬೀಟೆಗೆ ತಿರುಗಿತು. ಬ್ರೆಜಿಲ್ ಮರ 1992ರಿಂದ ಸೈಟಿಸ್ (ಅಳಿವಿನಂಚಿನ ಗಿಡ, ಪ್ರಾಣಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ) ಒಪ್ಪಂದದ ಅತಿ ಬಿಗಿಯಾದ ಪಟ್ಟಿಯಲ್ಲಿದೆ, ಅನುಮತಿ ಪತ್ರ ಇಲ್ಲದೆ ಗಡಿ ದಾಟಿಸುವ ಹಾಗಿಲ್ಲ. 1966 ಸರಿಯಾಗಿ ಆ ಬದಲಾವಣೆಯ ಹೊತ್ತು. ಯಾವ ಮರ ಅಂತ ಕಾಗದದಲ್ಲಿ ಸಾಬೀತು ಮಾಡುವ ಓಡಾಟ ಕೇಳಿ ಮಗನ ಉತ್ಸಾಹ ಇಳಿಯಿತು.

ಯಾವ ಭಾಗ ಹಳೆಯದು, ಯಾವುದು ಬದಲಾಗಿದ್ದು, ಯಾಕೆ ಹಾಗೆ ಹೇಳುತ್ತಿದ್ದೇನೆ ಅಂತ ಫೋಟೋ ಸಮೇತ ಒಂದು ಹಾಳೆ ಬರೆದುಕೊಟ್ಟೆ. ಎಲ್ಲ ಬೇಸಿಗೂ ಹೀಗೇ ಕೊಡುತ್ತೇನೆ. ಕೊನೆಗೆ ಕೊಂಡವನು ಅಂಧೇರಿಯ ಒಬ್ಬ ಹುಡುಗ, ರೆಕಾರ್ಡಿಂಗ್‌ಗೆ ಬೇಸ್ ನುಡಿಸುವವನು. ಹಣ ಎರಡು ಕಂತಿನಲ್ಲಿ ಕೊಟ್ಟ. ಹಾಳೆ ಓದಿ ಪಿಕಪ್ ವಿಷಯದಲ್ಲಿ ಚೌಕಾಸಿ ಮಾಡಲಿಲ್ಲ. ಜ್ಯಾಕ್ ಹೆಸರಿನಲ್ಲಿ ಮಾತ್ರ ಐನೂರು ರೂಪಾಯಿ ಇಳಿಸಿಕೊಂಡೇ ಹೋದ.